ವೀರಗಲ್ಲಿನ ಕೆಳಗಣ ಪಟ್ಟಿಕೆ: ಕಡಲಾಚೆ ಮಡಿದ ಯೋಧನ ಸ್ಮರಣೆಯನ್ನು ಕುರಿತು

ಯುದ್ಧದಲ್ಲಿ ಮಡಿದ ತರುಣನನ್ನು ನೆನೆದು ಬರೆಯುವ ಬರಹವೂ ಸಾಹಿತ್ಯದ ಒಂದು ಪ್ರಕಾರವೇ ಸರಿ. ಮಹಾಕಾವ್ಯ, ನಾಟಕ, ಕಾದಂಬರಿಗಳ ವಿಮರ್ಶೆಗೆ ನಮ್ಮಲ್ಲಿ ಗ್ರಂಥಗಳಿವೆ, ಲಕ್ಷಣಗಳಿವೆ, ವಾದವಿವಾದಗಳಿವೆ. ಆದರೆ ಶಾಲೆಯ ಸಭೆಯಲ್ಲಿ ಓದುವ ಶ್ರದ್ಧಾಂಜಲಿ, ಸ್ಮರಣ ಸಂಚಿಕೆಯ ಮೊದಲ ಪುಟದ ನಾಲ್ಕು ಮಾತು, ಭಾವಚಿತ್ರದ ಕೆಳಗೆ ಬರೆಸುವ ಎರಡು ಸಾಲು, ಇವನ್ನು ಯಾರೂ ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಸತ್ತವರನ್ನು ಕುರಿತ ಮಾತಿನಲ್ಲಿ ತಪ್ಪೆಣಿಸುವುದು ಅನುಚಿತವೆಂಬ ಸಂಕೋಚವೇ ಇದಕ್ಕೆ ಕಾರಣ. ಈ ಸಂಕೋಚ ಸಹಜವಾದುದು. ಆದರೂ ಇಂಥ ಬರಹಗಳನ್ನು ಬರೆಯುವವರು, ಬರೆಯಿಸುವವರು, ಮಕ್ಕಳಿಂದ ಓದಿಸುವವರು ಬಹುಮಟ್ಟಿಗೆ ಉಪಾಧ್ಯಾಯರಾದ ನಾವೇ. ಆದಕಾರಣ ಅವುಗಳ ಗುಣದೋಷಗಳನ್ನು ನಾವಲ್ಲದೆ ಮತ್ತಾರು ವಿಚಾರಿಸಬೇಕು?

ಅದರಲ್ಲಿಯೂ ಕಡಲಾಚೆ ಮಡಿದ ಯೋಧನ ವಿಷಯ ವಿಶೇಷವಾದುದು. ಇಂದು ಗಡಿಯಲ್ಲಿ ಮಡಿದವನ ದೇಹ ಊರಿಗೆ ಬರುತ್ತದೆ. ಊರವರು ಕಾಣುತ್ತಾರೆ, ಹೆತ್ತವರು ಮುಟ್ಟುತ್ತಾರೆ, ಚಿತೆಗೆ ಬೆಂಕಿ ಇಡುವವನು ಊರಿನವನೇ. ಎರಡು ಮಹಾಯುದ್ಧಗಳಲ್ಲಿ ಹಡಗು ಹತ್ತಿ ಹೋದವರಿಗೆ ಈ ಭಾಗ್ಯವಿರಲಿಲ್ಲ. ಫ್ರಾನ್ಸಿನ ಕೆಸರಿನಲ್ಲಿ, ಮೆಸೊಪೊಟೇಮಿಯದ ಮರಳಿನಲ್ಲಿ, ಬರ್ಮದ ಕಾಡಿನಲ್ಲಿ ಬಿದ್ದವರ ಮನೆಗೆ ಬಂದುದು ಒಂದು ಕಾಗದ ಮಾತ್ರ. ದೇಹವಿಲ್ಲದ ಕಡೆ ನೆನಪಿಗೆ ಆಧಾರವಾಗುವುದು ಮಾತು. ಆ ಮಾತೂ ಪೊಳ್ಳಾದರೆ ಅವನಿಗೆ ಇನ್ನೇನು ಉಳಿಯಿತು?

ನಮ್ಮಲ್ಲಿ ವಾಡಿಕೆಯಾಗಿರುವ ಶ್ರದ್ಧಾಂಜಲಿಯ ಶೈಲಿಯನ್ನು ಮೊದಲು ನೋಡೋಣ. ‘ಭಾರತಾಂಬೆಯ ವರಪುತ್ರ’, ‘ವೀರಸ್ವರ್ಗವನ್ನೇರಿದ ಧೀರ’, ‘ಹೆತ್ತ ಒಡಲು ಧನ್ಯ’, ‘ಅಮರ ಜ್ಯೋತಿ’ ಎಂಬ ವಿಶೇಷಣಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಯಾವುದೂ ಅವನೊಬ್ಬನದೇ ಅಲ್ಲ. ಈ ಬರಹಗಳನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವುಂಟು. ಬರಹದಲ್ಲಿರುವ ಹೆಸರನ್ನು ಅಳಿಸಿ ಬೇರೊಬ್ಬ ಯೋಧನ ಹೆಸರನ್ನು ಬರೆದು ಓದಿ ನೋಡಬೇಕು. ಒಂದು ಮಾತನ್ನೂ ತಿದ್ದದೆ ಅದು ಹೊಂದಿಕೊಂಡರೆ, ಅದು ಶ್ರದ್ಧೆಯಿಂದ ಬರೆದದ್ದಿರಬಹುದು, ಸ್ಮರಣೆಯಂತೂ ಆಗಲಾರದು. ಸ್ಮರಣೆಗೆ ಒಬ್ಬ ವ್ಯಕ್ತಿ ಬೇಕು. ನಮ್ಮ ಅಲಂಕಾರಿಕರು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದರು. ಎಲ್ಲರಿಗೂ ಸಲ್ಲುವ ಹೊಗಳಿಕೆಯಲ್ಲಿ ಔಚಿತ್ಯಕ್ಕೆ ಎಡೆಯೇ ಇರುವುದಿಲ್ಲ.

ಹಾಗಾದರೆ ಸರಿಯಾದ ಮಾದರಿ ಯಾವುದು? ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೊಯಮತ್ತೂರು ಜಿಲ್ಲೆಯಲ್ಲಿಯೂ, ೨೦೦೯ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳಿಂದ ರೂಪುಗೊಂಡ ತಿರುಪ್ಪೂರು ಜಿಲ್ಲೆಯಲ್ಲಿಯೂ ತಮಿಳರು ‘ಪುಲಿಕುತ್ತಿಕ್ಕಲ್’ ಎಂದು ಕರೆಯುವ ಕಲ್ಲುಗಳುಂಟು. ಮೇಲೆರಗಿದ ಹುಲಿ, ಅದರ ಮೈಗೆ ಆಯುಧವನ್ನು ನಾಟಿದ ಆಳು, ಇಷ್ಟೇ ಚಿತ್ರ. ದನ ಕಾಯುವ ಕೊಂಗುನಾಡಿನಲ್ಲಿ ಊರಿನ ಹಿಂಡನ್ನು ಉಳಿಸಲು ಹುಲಿಗೆ ಎದುರಾದವನಿಗೆ ಊರು ನೆಟ್ಟ ಕಲ್ಲು ಅದು. ಆ ಕಲ್ಲಿನಲ್ಲಿ ಸ್ವರ್ಗವಿಲ್ಲ, ದೇವತೆಗಳಿಲ್ಲ. ಅವನು ಏನು ಮಾಡುತ್ತ ಸತ್ತನೆಂಬುದು ಮಾತ್ರ ಇದೆ. ನೋಡಿದ ಮಗುವಿಗೂ ಅರ್ಥವಾಗುತ್ತದೆ.

ಕನ್ನಡ ನಾಡಿನ ವೀರಗಲ್ಲು ಇದಕ್ಕಿಂತ ವಿಸ್ತಾರವಾದುದು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗಣದರಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಣದರಲ್ಲಿ ಅವನು ಶಿವಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿರುವುದು, ಪಕ್ಕದಲ್ಲಿ ಸೂರ್ಯಚಂದ್ರರು. ಶಿಲ್ಪಿಯು ಸ್ವರ್ಗವನ್ನು ಮರೆಯಲಿಲ್ಲ. ಆದರೆ ಅದನ್ನು ನಿಲ್ಲಿಸಿದ್ದು ಕಾಳಗದ ಮೇಲೆ. ಕೆಳಗಣ ಪಟ್ಟಿಕೆಯಲ್ಲಿ ಕುದುರೆ, ಬಿಲ್ಲು, ತುರುಗಳು, ಬಿದ್ದ ಹಗೆ, ನಾಟಿದ ಬಾಣ ಎಲ್ಲವೂ ಸ್ಪಷ್ಟ. ಶಾಸನವಿದ್ದರೆ ಅದೂ ಬಹಳ ಮಟ್ಟಿಗೆ ಈ ಲೋಕದ ಮಾತನ್ನೇ ಆಡುತ್ತದೆ: ಯಾರ ಆಳು, ಯಾರ ಮಗ, ಯಾವ ಊರಿನ ಕಾಳಗ, ಯಾರು ಕಲ್ಲು ನಿಲ್ಲಿಸಿದರು, ಉಳಿದವರಿಗೆ ಏನು ಕೊಟ್ಟರು.

ಬೆಂಗಳೂರಿನ ಸಮೀಪದ ಬೇಗೂರಿನ ಶಾಸನಗಳನ್ನು ನಮ್ಮ ವಾಚಕರು ಬಲ್ಲರು. ‘ಬೆಂಗಳೂರು’ ಎಂಬ ಹೆಸರು ದೊರೆಯುವ ಅಲ್ಲಿನ ಸಣ್ಣ ಶಾಸನವೇ ಒಂದು ಸಾವಿನ ನೆನಪು. ಗಂಗರ ಕಾಲದ ನಾಗತ್ತರನ ಮನೆಗೆ ಸೇರಿದವನೊಬ್ಬನ ಸಾವು ಕೆಲವೇ ಸಾಲುಗಳಲ್ಲಿ ದಾಖಲಾಗಿದೆ. ಕಲ್ಲು ನೆಟ್ಟವರು ಅವನನ್ನು ನೆನೆಯಲೆಂದು ನೆಟ್ಟರು. ಇಂದು ಒಂದು ಮಹಾನಗರವೇ ತನ್ನ ಹೆಸರಿನ ಹಳಮೆಯನ್ನು ಅದರಲ್ಲಿ ಓದುತ್ತಿದೆ. ಖಚಿತವಾಗಿ ಬರೆದ ಸ್ಮರಣೆಯ ಬೆಲೆ ಇಷ್ಟು. ನಾಗತ್ತರನೇ ಮಡಿದ ಯುದ್ಧವನ್ನು ಹೇಳುವ ದೊಡ್ಡ ಕಲ್ಲು ಇನ್ನೂ ಮುಂದೆ ಹೋಗಿ, ಅವನ ಪಟ್ಟ ಯಾರಿಗೆ ಸಂದಿತು, ಯಾವ ಯಾವ ಹಳ್ಳಿಗಳು ಕಲ್ನಾಡಾಗಿ ದೊರೆತವು ಎಂಬುದನ್ನು ಹೆಸರು ಹಿಡಿದು ಹೇಳುತ್ತದೆ. ನೆತ್ತರುಗೊಡಗೆ, ಕಲ್ನಾಡು ಎಂದು ಕನ್ನಡದಲ್ಲಿಯೂ ಉದಿರಪ್ಪಟ್ಟಿ ಎಂದು ತಮಿಳಿನಲ್ಲಿಯೂ ಇರುವ ಮಾತುಗಳು, ಸ್ಮರಣೆಯೆಂದರೆ ಉಳಿದವರ ಹೊಟ್ಟೆಯ ಚಿಂತೆಯೂ ಹೌದೆಂಬುದನ್ನು ತೋರಿಸುತ್ತವೆ. ಹತ್ತನೆಯ ಶತಮಾನದ ಆತಕೂರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿಯ ಹೆಸರನ್ನು ಕೂಡ ಬಿಟ್ಟಿಲ್ಲ. ಆ ನಾಯಿಯ ಹೆಸರು ಕಾಳಿ. ಈ ಹೆಸರನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುತ್ತದೆ.

ತಮಿಳಿನ ಲಕ್ಷಣಗ್ರಂಥವೂ ಇದೇ ದಾರಿಯನ್ನು ಹೇಳುತ್ತದೆ. ನಡುಕಲ್ಲನ್ನು ನಿಲ್ಲಿಸುವ ಕ್ರಮವನ್ನು ತೊಲ್ಕಾಪ್ಪಿಯವು ಆರು ಘಟ್ಟಗಳಾಗಿ ವಿಂಗಡಿಸಿದೆ. ತಕ್ಕ ಕಲ್ಲನ್ನು ಕಾಣುವುದು, ಅದನ್ನು ತರುವುದು, ನೀರಿನಲ್ಲಿ ಮೀಯಿಸುವುದು, ನೆಡುವುದು, ಎಡೆಯಿಟ್ಟು ಗೌರವಿಸುವುದು, ಕಡೆಗೆ ಹೊಗಳುವುದು. ‘ಶಿಲಪ್ಪದಿಕಾರ’ದ ವಂಜಿಕ್ಕಾಂಡದಲ್ಲಿ ಕಣ್ಣಗಿಯ ಕಲ್ಲನ್ನು ತಂದು ನಿಲ್ಲಿಸುವ ಭಾಗಗಳಿಗೂ ಕಾಟ್ಚಿ, ಕಾಲ್ಕೋಳ್, ನೀರ್ಪ್ಪಡೈ, ನಡುಕಲ್, ವಾಳ್ತ್ತು ಎಂಬ ಹೆಸರುಗಳೇ ಇವೆ. ಇಲ್ಲಿ ಗಮನಿಸಬೇಕಾದುದು ಹೊಗಳಿಕೆಯ ಸ್ಥಾನ. ಆರರಲ್ಲಿ ಅದು ಕಡೆಯದು. ಅದಕ್ಕೆ ಮೊದಲು ಐದು ಕೆಲಸಗಳಿವೆ. ಐದೂ ಮೈ ಬಗ್ಗಿಸಿ ಮಾಡಬೇಕಾದವು. ನಾವು ಈಗ ಮಾಡುತ್ತಿರುವುದೇನು? ಮೊದಲ ಐದನ್ನು ಬಿಟ್ಟು ನೇರವಾಗಿ ಆರನೆಯದಕ್ಕೆ ಬಂದು ನಿಂತಿದ್ದೇವೆ. ವೀರಗಲ್ಲಿನ ಪರಿಭಾಷೆಯಲ್ಲಿ ಹೇಳುವುದಾದರೆ, ಕೆಳಗಣ ಪಟ್ಟಿಕೆಯನ್ನು ಒಡೆದು ಹಾಕಿ ಮೇಲಣದನ್ನು ಗಾಳಿಯಲ್ಲಿ ನಿಲ್ಲಿಸಲು ಹೊರಟಿದ್ದೇವೆ.

ಈ ಪರಂಪರೆ ಮುರಿದದ್ದು ಎಲ್ಲಿ? ಮೊದಲನೆಯ ಮಹಾಯುದ್ಧದ ಸ್ಮಾರಕಗಳಲ್ಲಿ ಆ ಒಡಕು ಕಣ್ಣಿಗೆ ಕಾಣುತ್ತದೆ. ೧೯೧೪-೧೮ರ ಆ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು ೭೪,೦೦೦. ಹಿಂದಿನ ಮದರಾಸು ಪ್ರಾಂತದ ಅನೇಕ ಊರುಗಳಲ್ಲಿ ಸರ್ಕಾರದವರು ಒಂದು ಮಾದರಿಯ ಕಲ್ಲುಹಲಗೆಗಳನ್ನು ನೆಡಿಸಿದರು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬುದಷ್ಟೇ ಒಕ್ಕಣೆ. ವೇಲೂರಿನ ಗಡಿಯಾರದ ಗೋಪುರದಲ್ಲಿ ಆ ಸಂಖ್ಯೆಗಳು ೨೭೭ ಮತ್ತು ೧೪. ಹದಿನಾಲ್ಕು ಜನರಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ. ಊರಿದೆ, ಲೆಕ್ಕವಿದೆ, ಆಳಿಲ್ಲ. ಓದಿದ ತಾಯಿಗೆ ಆ ಹದಿನಾಲ್ಕರಲ್ಲಿ ತನ್ನವನು ಎಷ್ಟನೆಯವನೆಂದು ತಿಳಿಯುವ ದಾರಿಯಿಲ್ಲ.

ಇರಾಕಿನ ಬಸ್ರಾದಲ್ಲಿ ೧೯೨೯ರಲ್ಲಿ ತೆರೆದ ಸ್ಮಾರಕದ ಕಥೆ ಇದಕ್ಕಿಂತ ಕಠಿಣ. ಮೆಸೊಪೊಟೇಮಿಯದಲ್ಲಿ ಸತ್ತು ಗೋರಿಯಿಲ್ಲದೆ ಹೋದ ೪೦,೦೦೦ಕ್ಕೂ ಹೆಚ್ಚು ಜನರ ಸ್ಮಾರಕ ಅದು. ಬ್ರಿಟಿಷ್ ಸಿಪಾಯಿಯ ಹೆಸರನ್ನು ಅಲ್ಲಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಕೆತ್ತಿ, ಉಳಿದ ಸಾವಿರಾರು ಜನರನ್ನು ಆಯಾ ದಳದ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ನಮೂದಿಸಿದರು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ೧೯೨೭ರಲ್ಲಿ ತೆರೆದ ಭಾರತೀಯ ಸ್ಮಾರಕದಲ್ಲಿ ೪,೭೦೦ಕ್ಕೂ ಹೆಚ್ಚು ಹೆಸರುಗಳಿರುವುದನ್ನು ನೋಡಿದರೆ, ಹೆಸರು ಕೆತ್ತುವುದು ಅಸಾಧ್ಯವಾಗಿರಲಿಲ್ಲವೆಂಬುದು ಸ್ಪಷ್ಟ. ಯೂರೋಪಿನಲ್ಲಿ ಸತ್ತ ಸಿಪಾಯಿಗೆ ಹೆಸರು, ಏಷ್ಯದಲ್ಲಿ ಸತ್ತ ಸಿಪಾಯಿಗೆ ಅಂಕೆ! ಈ ಭೇದವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಸಮಿತಿಯೇ ೨೦೨೧ರ ವರದಿಯಲ್ಲಿ ಒಪ್ಪಿಕೊಂಡಿತು. ಆಯೋಗ ಕ್ಷಮೆ ಕೇಳಿತು. ಸಾವಿರ ವರ್ಷಗಳ ಹಿಂದೆ ಆತಕೂರಿನ ಕಲ್ಲು ಬೇಟೆನಾಯಿಗೆ ಸಲ್ಲಿಸಿದ ಗೌರವ ಇಪ್ಪತ್ತನೆಯ ಶತಮಾನದಲ್ಲಿ ಈ ಮನುಷ್ಯರಿಗೆ ಸಲ್ಲಲಿಲ್ಲ. ಕಾಳಿಯ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಹೇಳಿದ್ದು ಇದಕ್ಕಾಗಿ.

ಇಲ್ಲಿ ಎರಡು ದೋಷಗಳು ಎದುರುಬದುರಾಗಿ ನಿಂತಿವೆ. ಸಂಖ್ಯೆಯ ಕಲ್ಲು ಆಳನ್ನು ಲೆಕ್ಕದಲ್ಲಿ ಕರಗಿಸುತ್ತದೆ. ವಿಶೇಷಣಗಳ ಶ್ರದ್ಧಾಂಜಲಿ ಆಳನ್ನು ಹೊಗಳಿಕೆಯಲ್ಲಿ ಕರಗಿಸುತ್ತದೆ. ಮೊದಲನೆಯದು ಪರಕೀಯ ಸರ್ಕಾರದ ಉಪೇಕ್ಷೆಯಿಂದ ಆದುದು, ಎರಡನೆಯದು ನಮ್ಮ ಅಭಿಮಾನದಿಂದ ಆದುದು. ಫಲ ಮಾತ್ರ ಒಂದೇ.

ಕನ್ನಡಿಗರ ಮಟ್ಟಿಗೆ ಹೈಫಾದ ಉದಾಹರಣೆಯನ್ನು ವಿಚಾರಿಸಬೇಕು. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ ದಳಗಳು ತುರ್ಕಿ ಸೇನೆಯಿಂದ ಗೆದ್ದುಕೊಂಡವು. ಜೋಧಪುರದವರು ನದಿಗೂ ಬೆಟ್ಟಕ್ಕೂ ನಡುವೆ ಪಟ್ಟಣದ ಕಡೆಗೆ ಕುದುರೆಗಳನ್ನು ನುಗ್ಗಿಸಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿನ ತೋಪುಗಳನ್ನು ಹಿಡಿಯಿತು. ಆ ದಿನ ಬ್ರಿಗೇಡಿನಲ್ಲಿ ಸತ್ತವರು ಎಂಟು ಜನ, ಗಾಯಗೊಂಡವರು ೩೪. ಅರವತ್ತು ಕುದುರೆಗಳು ಸತ್ತವು. ದೆಹಲಿಯಲ್ಲಿ ೧೯೨೨ರಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳು ಹೈದರಾಬಾದು, ಜೋಧಪುರ, ಮೈಸೂರು ದಳಗಳ ಸಂಕೇತ. ೨೦೧೮ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರು ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕಸ್ತಂಭವಿದೆ. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಹೈಫಾ ದಿನದ ಭಾಷಣಗಳಲ್ಲಿ ಕೇಳಿಬರುವುದು ಭರ್ಜಿ, ಕುದುರೆ, ಮರಫಿರಂಗಿಗೆ ಎದೆಗೊಟ್ಟ ಸಾಹಸ. ಜೋಧಪುರದವರು ಅಲ್ಲಿ ಮಡಿದ ತಮ್ಮ ಮೇಜರ್ ದಳಪತ್ ಸಿಂಗನ ಹೆಸರನ್ನು ಬಾಯಲ್ಲಿ ಉಳಿಸಿಕೊಂಡಿದ್ದಾರೆ. ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಮೈಸೂರಿನ ಸವಾರನೊಬ್ಬನ ಹೆಸರು ಬರುವುದೇ? ದಳದ ಕೀರ್ತಿ ಉಳಿದು ಆಳು ಮರೆಯಾದರೆ ಅದೂ ಸಂಖ್ಯೆಯ ಕಲ್ಲಿನ ಇನ್ನೊಂದು ರೂಪವೇ.

ಸಾಹಿತ್ಯ ಈ ಸಂದರ್ಭದಲ್ಲಿ ಏನು ಮಾಡಿತು? ಒಂದೇ ವರ್ಷದ, ೧೯೧೫ರ, ಎರಡು ಕೃತಿಗಳನ್ನು ಹೋಲಿಸಿ ನೋಡಬಹುದು. ಸರೋಜಿನಿ ನಾಯಿಡು ಅವರ ‘ದಿ ಗಿಫ್ಟ್ ಆಫ್ ಇಂಡಿಯಾ’ ಎಂಬ ಇಂಗ್ಲಿಷ್ ಕವನದಲ್ಲಿ ಭಾರತಮಾತೆಯೇ ಮಾತಾಡುತ್ತಾಳೆ; ಪರದೇಶದ ಗೋರಿಗಳಲ್ಲಿ ಮಲಗಿದ ತನ್ನ ಮಕ್ಕಳನ್ನು ನೆನೆದು ದುಃಖಿಸುತ್ತಾಳೆ. ಪದಲಾಲಿತ್ಯವಿದೆ, ಗಾಂಭೀರ್ಯವಿದೆ. ಆದರೆ ಅದು ಮೇಲಣ ಪಟ್ಟಿಕೆಯ ಕಾವ್ಯ. ಒಬ್ಬ ಮಗನ ಮುಖವೂ ಅಲ್ಲಿ ಕಾಣುವುದಿಲ್ಲ. ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್‌ನೇ ಕಹಾ ಥಾ’ ಎಂಬ ಹಿಂದಿ ಕಥೆಯ ಲಹನಾ ಸಿಂಗನಾದರೋ ಅಮೃತಸರದ ಬಜಾರಿನಲ್ಲಿ ಬಾಲ್ಯದಲ್ಲಿ ಕಂಡ ಒಬ್ಬ ಹುಡುಗಿಗೆ, ವರ್ಷಗಳು ಕಳೆದಮೇಲೆ, ಅವಳ ಗಂಡನನ್ನೂ ಮಗನನ್ನೂ ಕಾಪಾಡುವೆನೆಂದು ಮಾತು ಕೊಟ್ಟವನು. ಕಂದಕದ ಚಳಿಯಲ್ಲಿ ತನ್ನ ಹೊದಿಕೆಯನ್ನು ಆ ಹುಡುಗನಿಗೆ ಹೊದಿಸುತ್ತಾನೆ, ತನ್ನ ಗಾಯವನ್ನು ಮರೆಮಾಡಿ ಅವರಿಬ್ಬರನ್ನೂ ಗಾಡಿ ಹತ್ತಿಸಿ ಕಳುಹಿಸುತ್ತಾನೆ, ಊರಿನ ಮಾವಿನ ಮರವನ್ನು ನೆನೆಯುತ್ತ ಸಾಯುತ್ತಾನೆ. ಕಥೆಯ ಕಡೆಯಲ್ಲಿ ಲೇಖಕರು ಒಂದು ಹನಿ ಕಣ್ಣೀರನ್ನೂ ಬೇಡದೆ, ವರ್ತಮಾನಪತ್ರದ ಮೃತರ ಪಟ್ಟಿಯಲ್ಲಿ ಬಂದ ಒಂದು ಸಾಲನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತಾರೆ. ಅವನನ್ನು ನಾವು ಬಲ್ಲವರಾಗಿರುವುದರಿಂದ ಆ ಒಣ ಸಾಲೇ ಎದೆಯನ್ನು ಇರಿಯುತ್ತದೆ. ಕರುಣರಸವು ವಿಶೇಷಣಗಳಿಂದ ಹುಟ್ಟುವುದಿಲ್ಲ, ವಿಭಾವಾನುಭಾವಗಳಿಂದ ಹುಟ್ಟುತ್ತದೆ ಎಂಬ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಕಠಿಣವಾದ ಪ್ರಶ್ನೆಯೊಂದುಂಟು. ಯೋಧನು ಮಡಿದ ಯುದ್ಧದ ವಿಷಯದಲ್ಲಿಯೇ ಜನರಿಗೆ ಭಿನ್ನಾಭಿಪ್ರಾಯವಿದ್ದರೆ ಅವನನ್ನು ನೆನೆಯುವುದು ಹೇಗೆ? ತಮಿಳುನಾಡಿನಲ್ಲಿರುವ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ೧೯೮೭ರ ಜುಲೈ ೨೯ರ ಒಪ್ಪಂದದಂತೆ ಶ್ರೀಲಂಕೆಗೆ ಹೋದ ಭಾರತೀಯ ಶಾಂತಿಪಾಲನಾ ಪಡೆ ೧೯೯೦ರ ಮಾರ್ಚಿಯಲ್ಲಿ ಹಿಂದಿರುಗುವ ವೇಳೆಗೆ ಸುಮಾರು ೧,೨೦೦ ಜನರನ್ನು ಕಳೆದುಕೊಂಡಿತ್ತು. ಕಡೆಯ ತುಕಡಿಗಳು ಮದರಾಸಿನ ಬಂದರಿಗೆ ಬಂದಾಗ ರಾಜ್ಯದ ಮುಖ್ಯಮಂತ್ರಿಗಳು ಸ್ವಾಗತಕ್ಕೆ ಹೋಗಲಿಲ್ಲ. ಯಾಳ್ಪಾಣದ ಸಾಮಾನ್ಯ ಜನ ಅನುಭವಿಸಿದ ಸಂಕಟವನ್ನು ಕಂಡವರ, ಕೇಳಿದವರ ಮನಸ್ಸು ಅಂದು ಕದಡಿತ್ತು. ಆ ಸಂಕಟವೂ ನಿಜ. ಅಲ್ಲಿ ಸತ್ತ ಇಪ್ಪತ್ತು ಇಪ್ಪತ್ತೆರಡರ ಸಿಪಾಯಿಯ ಮನೆಯ ಸಂಕಟವೂ ನಿಜ.

ಈ ಇಕ್ಕಟ್ಟಿನಲ್ಲಿ ನಮಗೆ ದಾರಿ ತೋರಬಲ್ಲ ಕವಿ ರನ್ನ. ‘ಗದಾಯುದ್ಧ’ದಲ್ಲಿ ರಣರಂಗದ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನನು ಅಭಿಮನ್ಯುವಿನ ಕಳೇಬರವನ್ನು ಕಂಡು ನಿಲ್ಲುತ್ತಾನೆ. ಹಗೆಯ ಮಗ, ತನ್ನ ಮಗ ಲಕ್ಷಣನೂ ಮಡಿದು ಬಿದ್ದಿರುವುದು ಅದೇ ರಣದಲ್ಲಿ. ಆದರೂ ದುರ್ಯೋಧನನು ಆ ಬಾಲಕನ ಪರಾಕ್ರಮಕ್ಕೆ ಕೈಮುಗಿದು, ಅಂಥ ಮರಣ ತನಗೂ ಬರಲೆಂದು ಬಯಸುತ್ತಾನೆ. ಯುದ್ಧ ಯಾರದು, ನ್ಯಾಯ ಯಾರದೆಂಬ ವಾದವನ್ನು ರನ್ನನು ಅಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ವಾದವನ್ನು ಮುಚ್ಚಿಡುವುದೂ ಇಲ್ಲ. ಯುದ್ಧದ ತೀರ್ಪು ಬೇರೆ, ಯೋಧನ ಸ್ಮರಣೆ ಬೇರೆ ಎಂಬ ವಿವೇಕ ಆ ಸನ್ನಿವೇಶದಲ್ಲಿದೆ. ಶ್ರೀಲಂಕೆಯವರು ಕೊಲಂಬೋ ಸಮೀಪದ ಬತ್ತರಮುಲ್ಲದಲ್ಲಿ ೨೦೦೮ರಲ್ಲಿ ತೆರೆದ ಸ್ಮಾರಕದಲ್ಲಿ ಆ ಭಾರತೀಯ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಹೆಸರಿನ ವಿಷಯದಲ್ಲಿ ಅದು ಬಸ್ರಾಕ್ಕಿಂತ ಮೇಲಾದುದು.

ಅದೇ ಯುದ್ಧದಲ್ಲಿ ೧೯೮೭ರ ನವೆಂಬರ್ ೨೫ರಂದು ಮಡಿದ ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರಚಕ್ರ ಸಂದಿತು. ಅದಕ್ಕೆ ಮೊದಲು ೧೯೬೧ರ ಡಿಸೆಂಬರ್ ೫ರಂದು ಕಾಂಗೋದ ಎಲಿಜಬೆತ್‌ವಿಲ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದು ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯ ಅವರಿಗೂ ಅದೇ ಗೌರವ ದೊರೆಯಿತು. ಪಂಜಾಬಿನ ಆ ತರುಣನಿಗೆ ಆಗ ೨೬ ವರ್ಷ. ಬಾಲ್ಯದಲ್ಲಿ ಕೆಲಕಾಲ ಬೆಂಗಳೂರಿನ ಸೈನಿಕ ವಿದ್ಯಾಲಯದಲ್ಲಿ ಓದಿದವನು. ಈ ಪದಕಗಳ ಜೊತೆಗೆ ಸರ್ಕಾರ ಪ್ರಕಟಿಸುವ ಪ್ರಶಸ್ತಿಪಾಠವನ್ನು ಒಂದು ಗದ್ಯಪ್ರಕಾರವಾಗಿ ನಮ್ಮ ಉಪಾಧ್ಯಾಯರು ಪರಿಶೀಲಿಸಬೇಕು. ಶೈಲಿ ಒಣದು. ಆದರೆ ಎಷ್ಟು ಹೊತ್ತಿಗೆ, ಎಲ್ಲಿ, ಎದುರಿಗೆ ಎಷ್ಟು ಜನ, ಎಲ್ಲಿ ಗುಂಡು ತಗುಲಿತು, ತಗುಲಿದ ಮೇಲೆ ಏನು ಮಾಡಿದನು ಎಂಬುದು ಅಲ್ಲಿರುತ್ತದೆ. ಎದೆಗೆ ಗುಂಡು ತಗುಲಿದ ಮೇಲೆಯೂ ಪರಮೇಶ್ವರನ್ ಎದುರಾಳಿಯ ಕೋವಿಯನ್ನು ಕಿತ್ತುಕೊಂಡು ಅವನನ್ನು ಹೊಡೆದರು. ಪ್ರಾಣ ಹೋಗುವವರೆಗೆ ತಮ್ಮವರಿಗೆ ಆಜ್ಞೆ ಕೊಡುತ್ತಿದ್ದರು. ಹತ್ತು ವಿಶೇಷಣಗಳು ಮಾಡಲಾರದ ಕೆಲಸವನ್ನು ಈ ಒಂದು ಸಂಗತಿ ಮಾಡುತ್ತದೆ. ಕೆಳಗಣ ಪಟ್ಟಿಕೆ ಇಲ್ಲಿ ಅರ್ಧ ಉಳಿದಿದೆ. ಮನೆ, ಊರು, ಉಳಿದವರು, ಈ ಇನ್ನರ್ಧವನ್ನು ಸರ್ಕಾರ ಬರೆಯಲಾರದು, ಊರಿನವರೇ ಬರೆಯಬೇಕು.

ಊರು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ಉದಾಹರಣೆ ತಿರುಪ್ಪೂರಿನಲ್ಲಿಯೇ ಇದೆ. ಕುಮಾರನ್ ಯೋಧನಲ್ಲ, ಹೊರದೇಶದಲ್ಲಿ ಮಡಿದವನೂ ಅಲ್ಲ. ೧೯೩೨ರ ಜನವರಿಯಲ್ಲಿ ಸತ್ಯಾಗ್ರಹದ ಮೆರವಣಿಗೆಯಲ್ಲಿ ಪೊಲೀಸರ ಲಾಠಿಯ ಏಟಿಗೆ ಬಿದ್ದು, ಮರುದಿನ ೧೧ರಂದು ಪ್ರಾಣಬಿಟ್ಟ ೨೭ ವರ್ಷದ ತರುಣ. ಬಿದ್ದಾಗಲೂ ಕೈಯ ಬಾವುಟವನ್ನು ಬಿಡಲಿಲ್ಲ. ಜನ ಅವನನ್ನು ಮಹಾವೀರನೆಂದೋ ಅಮರನೆಂದೋ ಕರೆಯುವ ಬದಲು ‘ಕೊಡಿ ಕಾತ್ತ ಕುಮರನ್’, ಬಾವುಟವನ್ನು ಕಾಪಾಡಿದ ಕುಮಾರ, ಎಂದು ಕರೆದರು. ಎರಡು ಪದಗಳಲ್ಲಿ ಅವನ ಕೃತ್ಯ, ಒಂದರಲ್ಲಿ ಅವನ ಹೆಸರು. ಮೂರು ಪದಗಳ ವೀರಗಲ್ಲು ಅದು. ಹೆಸರನ್ನು ಬದಲಿಸಿ ಓದಲು ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ದುಃಖದಲ್ಲಿರುವವರಿಗೆ ಸಂಗತಿಗಳಿಗಿಂತ ಸಾಂತ್ವನ ಮುಖ್ಯವಲ್ಲವೆ, ವೀರಸ್ವರ್ಗದ ಮಾತಿನಿಂದ ಒಬ್ಬ ತಾಯಿಗೆ ಸಮಾಧಾನವಾದರೆ ವಿಮರ್ಶಕನಿಗೇನು ನಷ್ಟ ಎಂದು ಕೇಳಬಹುದು. ಮೇಲಣ ಪಟ್ಟಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಶಿಲ್ಪಿಯೂ ಅದನ್ನು ಬಿಟ್ಟಿಲ್ಲವಷ್ಟೆ. ಆದರೆ ಆ ತಾಯಿ ಅತ್ತದ್ದು ಭಾರತಾಂಬೆಯ ವರಪುತ್ರನಿಗಾಗಿ ಅಲ್ಲ; ರಾಗಿಮುದ್ದೆಗೆ ಇ‌ಷ್ಟೇ ಸಾರು ಬೇಕೆಂದು ಹಟ ಹಿಡಿಯುತ್ತಿದ್ದ, ಮಗ್ಗದ ಗುಂಡಿಯಲ್ಲಿ ತಂದೆಯ ಜೊತೆ ಕುಳಿತು ಲಾಳಿ ಎಸೆಯಲು ಕಲಿತ, ರಜೆಗೆ ಬಂದಾಗ ತಂಗಿಗೆ ಲೆಕ್ಕ ಹೇಳಿಕೊಟ್ಟ ಮಗನಿಗಾಗಿ. ಅವನನ್ನು ಬಿಟ್ಟು ಇನ್ಯಾರನ್ನೋ ಹೊಗಳಿದರೆ ಅವಳಿಗೆ ಅದು ಪರರ ಮನೆಯ ಮಾತಿನಂತೆ ಕೇಳಿಸುತ್ತದೆ.

ಈ ಜಿಲ್ಲೆಗಳ ನಮ್ಮ ಜನರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ದೇವಾಂಗರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಓದು ಬರಹ ತಮಿಳು, ಸೈನ್ಯದ ಕಾಗದಗಳು ಹಿಂದಿ ಇಲ್ಲವೆ ಇಂಗ್ಲಿಷು. ಆ ಮನೆಯಿಂದ ಸೈನ್ಯಕ್ಕೆ ಹೋದ ಹುಡುಗ ಅಮ್ಮನೊಡನೆ ಆಡಿದ ಮಾತು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಬಲ್ಲವರು ಕನ್ನಡ ಬಲ್ಲ ಉಪಾಧ್ಯಾಯರು ಮಾತ್ರ. ಭಾಷಾಸೇವೆ ಎಂದು ನಾವು ಸಭೆಗಳಲ್ಲಿ ಹೇಳುವ ಮಾತಿಗೆ ಇಲ್ಲಿ ಒಂದು ಸ್ಪಷ್ಟವಾದ ಕೆಲಸವಿದೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಯಾವ ಶಾಲೆಯ ಗೋಡೆಯ ಮೇಲೆ ಯೋಧನ ಭಾವಚಿತ್ರವಿದೆಯೋ ಆ ಶಾಲೆಯ ಮೇಲಿನ ತರಗತಿಯ ಮಕ್ಕಳು ಅವನ ಮನೆಗೆ ಹೋಗಲಿ. ಅವನ ಪೂರ್ಣ ಹೆಸರು, ಹೆತ್ತವರ ಹೆಸರು, ಅವನು ಸೇರಿದ ದಳ, ಮಡಿದ ಸ್ಥಳ, ದಿನ, ಅಲ್ಲಿ ಅವನು ಮಾಡುತ್ತಿದ್ದ ಕೆಲಸ, ಬಂದ ಕಡೆಯ ಕಾಗದ, ಈಗ ಮನೆಯನ್ನು ನಡೆಸುತ್ತಿರುವವರು ಯಾರು, ಇವನ್ನು ಮೊದಲು ಬರೆದುಕೊಳ್ಳಲಿ. ಮನೆಯವರು ಹೇಳಲು ಇಷ್ಟಪಡದ್ದನ್ನು ಕೆದಕಬಾರದು. ತಿಳಿಯದ್ದನ್ನು ಕಲ್ಪಿಸಿ ತುಂಬಬಾರದು. ಹೊಗಳಿಕೆಗೆ ಒಂದೇ ವಾಕ್ಯ, ಅದೂ ಕಡೆಯಲ್ಲಿ. ಬರೆದುದನ್ನು ಅಚ್ಚಿಗೆ ಕೊಡುವ ಮೊದಲು ಆ ತಾಯಿಯ ಮುಂದೆ ಅವಳಾಡುವ ಮಾತಿನಲ್ಲಿ ಓದಿ ಹೇಳಬೇಕು. ಅವಳು ನಡುವೆ ತಡೆದು ಒಂದು ಸಂಗತಿಯನ್ನು ತಿದ್ದಿದರೆ, ಅದನ್ನು ತಿದ್ದಿ ಬರೆಯುವುದೇ ಅದರ ಅತ್ಯುತ್ತಮ ವಿಮರ್ಶೆ.